ಭಾವಾತಿರೇಕದ ನಿರ್ವಹಣೆ: ಸಾವಧಾನ ಮತ್ತು ಆತ್ಮಾವಲೋಕನದ ಪಾತ್ರ

ಘಟನೆಯ ತೂಕವನ್ನು ಮೀರಿದ ತೀವ್ರತೆಯಲ್ಲಿ ಹೊಮ್ಮುವ, ಬೇಗ ಇಳಿಯದ, ಇಳಿದ ಮೇಲೆ ಪಶ್ಚಾತ್ತಾಪವನ್ನೋ ಸಂಬಂಧದ ಬಿರುಕನ್ನೋ ಉಳಿಸಿಹೋಗುವ ಪ್ರತಿಕ್ರಿಯೆಯನ್ನು ಭಾವಾತಿರೇಕ ಎನ್ನಬಹುದು. ಸಿಟ್ಟು, ಭಯ, ಅವಮಾನ, ದುಃಖ ಇವುಗಳಲ್ಲಿ ಯಾವುದೂ ತಾನಾಗಿ ದೋಷವಲ್ಲ. ಅನ್ಯಾಯ ಕಂಡು ಸಿಟ್ಟು ಬಾರದವರು ಅದನ್ನು ತಡೆಯಲು ಮುಂದಾಗುವುದು ಕಷ್ಟ. ಭಯವೇ ಇಲ್ಲದವರು ಅಪಾಯದಿಂದ ದೂರ ಸರಿಯುವುದಿಲ್ಲ. ಭಾವನೆಯ ಪ್ರಮಾಣ, ಅದರ ಅವಧಿ, ಅದು ಮಾಡಿಸುವ ಕೆಲಸ ಈ ಮೂರು ಹದ ತಪ್ಪಿದಾಗ ಮಾತ್ರ ಅದನ್ನು ಅತಿರೇಕವೆಂದು ಪರಿಗಣಿಸಬೇಕಾಗುತ್ತದೆ.

ಅತಿರೇಕವನ್ನು ಹತೋಟಿಗೆ ತರಲು ಈಚಿನ ದಶಕಗಳ ಮನೋವಿಜ್ಞಾನ ಪರೀಕ್ಷಿಸಿರುವ ಸಾಧನಗಳಲ್ಲಿ ಎರಡು ಮುಖ್ಯ. ಮೊದಲನೆಯದು ಸಾವಧಾನ, ಅಂದರೆ ಮೈಂಡ್‌ಫುಲ್‌ನೆಸ್: ಈ ಕ್ಷಣದಲ್ಲಿ ಮೈಮನಸ್ಸುಗಳಲ್ಲಿ ನಡೆಯುತ್ತಿರುವುದನ್ನು ಸರಿ ತಪ್ಪು ಎಂದು ತೀರ್ಪು ಕೊಡದೆ ಗಮನಿಸುವ ಅಭ್ಯಾಸ. ಎರಡನೆಯದು ಆತ್ಮಾವಲೋಕನ: ನಡೆದುಹೋದದ್ದನ್ನು ಮತ್ತೆ ಎದುರಿಗಿಟ್ಟುಕೊಂಡು, ಹಾಗೇಕೆ ನಡೆಯಿತು ಎಂದು ವಿಚಾರಿಸುವುದು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಆದರೆ ಇವು ಕೆಲಸ ಮಾಡುವ ಹೊತ್ತು ಬೇರೆ, ರೀತಿ ಬೇರೆ. ಸಾವಧಾನ ಭಾವನೆ ಏರುತ್ತಿರುವಾಗಲೇ ಒದಗಬೇಕಾದದ್ದು; ಆತ್ಮಾವಲೋಕನ ಅದು ಇಳಿದ ಮೇಲೆ ನಡೆಯಬೇಕಾದದ್ದು. ಈ ಕ್ರಮ ತಲೆಕೆಳಗಾದರೆ ಎರಡೂ ನಿಷ್ಫಲವಾಗುತ್ತವೆ, ಕೆಲವೊಮ್ಮೆ ಅಪಾಯವನ್ನೂ ತರುತ್ತವೆ ಎಂಬುದನ್ನು ಲಭ್ಯವಿರುವ ಸಂಶೋಧನೆಗಳ ಆಧಾರದ ಮೇಲೆ ತೋರಿಸುವುದು ಈ ಲೇಖನದ ಉದ್ದೇಶ.

ಅತಿರೇಕ ಹುಟ್ಟುವ ಬಗೆ

ಭಾವನೆಯನ್ನು ಹುಟ್ಟಿಸುವುದು ಘಟನೆಯೊಂದೇ ಅಲ್ಲ, ಆ ಘಟನೆಗೆ ಮನಸ್ಸು ಕೊಡುವ ಅರ್ಥವೂ ಹೌದು ಎಂದು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಲಾಜರಸ್ ಪ್ರತಿಪಾದಿಸಿದರು. ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದೆ ಹೋದ ಸಹೋದ್ಯೋಗಿಯನ್ನು ಕಂಡು ಒಬ್ಬರು ‘ಏನೋ ಚಿಂತೆಯಲ್ಲಿದ್ದಾರೆ’ ಎಂದುಕೊಳ್ಳುತ್ತಾರೆ, ಇನ್ನೊಬ್ಬರು ‘ಬೇಕೆಂದೇ ಕಡೆಗಣಿಸಿದರು’ ಎಂದುಕೊಳ್ಳುತ್ತಾರೆ. ಘಟನೆ ಒಂದೇ ಆದರೂ ಅದರಿಂದ ಹುಟ್ಟುವ ಭಾವನೆ ಬೇರೆ.

ಈ ಅರ್ಥೈಸುವಿಕೆಯ ಬಹುಪಾಲು ಅರಿವಿಗೆ ಬರುವ ಮೊದಲೇ ನಡೆದುಹೋಗುತ್ತದೆ. ನರವಿಜ್ಞಾನಿ ಜೋಸೆಫ್ ಲೆಡು 1996ರಲ್ಲಿ ಪ್ರಕಟಿಸಿದ ‘ದಿ ಎಮೋಷನಲ್ ಬ್ರೈನ್’ ಗ್ರಂಥದಲ್ಲಿ, ಅಪಾಯದ ಸುಳಿವು ಮಿದುಳಿನ ಥಲಾಮಸ್‌ನಿಂದ ಭಯದಂತಹ ಭಾವನೆಗಳಲ್ಲಿ ಮುಖ್ಯ ಪಾತ್ರವುಳ್ಳ ಭಾಗವಾದ ಅಮಿಗ್ಡಾಲಕ್ಕೆ ಎರಡು ದಾರಿಗಳಲ್ಲಿ ತಲುಪುತ್ತದೆ ಎಂದು ವಿವರಿಸಿದರು. ಒಂದು ನೇರ ದಾರಿ. ಅದು ವೇಗದ್ದು, ಆದರೆ ಒರಟು. ಇನ್ನೊಂದು ಮಿದುಳಿನ ಹೊರಪದರವನ್ನು ಹಾದುಬರುವ ದಾರಿ. ಅದು ನಿಧಾನದ್ದು, ಆದರೆ ವಿವರ ಬಲ್ಲದ್ದು. ಮಾನವರಲ್ಲಿ ನೇರ ದಾರಿಯ ಪಾತ್ರ ಎಷ್ಟು ಎಂಬ ಬಗ್ಗೆ ಮುಂದೆ ಚರ್ಚೆ ನಡೆದಿದೆ. ಆದರೂ ದೇಹ ಮೊದಲು ಸಜ್ಜಾಗುತ್ತದೆ, ವಿವೇಚನೆ ಆಮೇಲೆ ಬರುತ್ತದೆ ಎಂಬುದು ದಿನನಿತ್ಯದ ಅನುಭವಕ್ಕೂ ಹೊಂದುವ ಮಾತು. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಕ್ಕೆ ಬರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಈ ಸ್ಥಿತಿಯಲ್ಲಿ ಆಡಿದ ಮಾತು ಯೋಚಿಸಿ ಆಡಿದ್ದಾಗಿರುವುದಿಲ್ಲ.

ಅತಿರೇಕಕ್ಕೆ ನೆಲ ಹದಮಾಡುವ ಸಂಗತಿಗಳೂ ಇವೆ. ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ರಾತ್ರಿ ನಿದ್ದೆಗೆಟ್ಟವರ ಅಮಿಗ್ಡಾಲ ಅಹಿತಕರ ಚಿತ್ರಗಳಿಗೆ ತೋರಿದ ಸ್ಪಂದನ ನಿದ್ದೆ ಮಾಡಿದವರದಕ್ಕಿಂತ ಸುಮಾರು ಶೇ. 60ರಷ್ಟು ಹೆಚ್ಚಾಗಿತ್ತು. ಹಸಿವು, ನೋವು, ಮದ್ಯಪಾನ, ಹಳೆಯ ಆಘಾತದ ನೆನಪು ಇವೂ ಸಹನೆಯ ಮಿತಿಯನ್ನು ತಗ್ಗಿಸುತ್ತವೆ.

ಜೇಮ್ಸ್ ಗ್ರಾಸ್ 1998ರಲ್ಲಿ ಮಂಡಿಸಿದ ಮಾದರಿ ಭಾವನೆಯನ್ನು ನಿಯಂತ್ರಿಸಬಹುದಾದ ಐದು ಹಂತಗಳನ್ನು ಗುರುತಿಸುತ್ತದೆ: ಸನ್ನಿವೇಶದ ಆಯ್ಕೆ, ಸನ್ನಿವೇಶದ ಮಾರ್ಪಾಡು, ಗಮನದ ನಿಯೋಜನೆ, ಅರ್ಥದ ಬದಲಾವಣೆ ಮತ್ತು ಪ್ರತಿಕ್ರಿಯೆಯ ನಿಯಂತ್ರಣ. ಕೊನೆಯ ಹಂತದಲ್ಲಿ ಭಾವನೆಯನ್ನು ಅದುಮಿಡುವುದು ದುಬಾರಿ ಉಪಾಯ. ಮುಖದಲ್ಲಿ ಏನೂ ತೋರದಿದ್ದರೂ ಒಳಗಿನ ಉದ್ರೇಕ ತಗ್ಗುವುದಿಲ್ಲ. ಸಾವಧಾನ ಮುಖ್ಯವಾಗಿ ಗಮನದ ಹಂತದಲ್ಲಿ ನೆರವಾದರೆ, ಆತ್ಮಾವಲೋಕನ ಅರ್ಥದ ಹಂತದಲ್ಲಿ ನೆರವಾಗುತ್ತದೆ.

ಸಿಟ್ಟನ್ನು ಹೊರಹಾಕಿದರೆ ಹಗುರವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಬ್ರಾಡ್ ಬುಷ್‌ಮನ್ 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಇದಕ್ಕೆ ವಿರುದ್ಧವಾಗಿತ್ತು. ತಮ್ಮನ್ನು ಕೆರಳಿಸಿದವರನ್ನೇ ನೆನೆಯುತ್ತ ಗುದ್ದುಚೀಲಕ್ಕೆ ಹೊಡೆದವರ ಸಿಟ್ಟು ಎಲ್ಲರಿಗಿಂತ ಹೆಚ್ಚಾಗಿತ್ತು. ಏನೂ ಮಾಡದೆ ಸುಮ್ಮನೆ ಕುಳಿತವರಲ್ಲಿ ಆಕ್ರಮಣಶೀಲತೆ ಕಡಿಮೆಯಿತ್ತು. ಸೋಫಿ ಕ್ಯಾರ್ವಿಕ್ ಮತ್ತು ಬುಷ್‌ಮನ್ 2024ರಲ್ಲಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗಲೂ ಇದೇ ಕಂಡಿತು. ಉಸಿರಾಟದ ಅಭ್ಯಾಸ, ಧ್ಯಾನ, ಯೋಗದಂತಹ ಉದ್ರೇಕ ತಗ್ಗಿಸುವ ಚಟುವಟಿಕೆಗಳಿಂದ ಸಿಟ್ಟು ಇಳಿಯಿತು. ಉದ್ರೇಕ ಹೆಚ್ಚಿಸುವ ಚಟುವಟಿಕೆಗಳು ಒಟ್ಟಾರೆ ಪ್ರಯೋಜನಕ್ಕೆ ಬರಲಿಲ್ಲ.

ಸಾವಧಾನ: ಭಾವನೆ ಏರುತ್ತಿರುವಾಗ

ಸಾವಧಾನದ ಅಭ್ಯಾಸಕ್ಕೆ ಪ್ರಾಚೀನ ಆಧಾರ ಪಾಲಿ ಭಾಷೆಯ ಸತಿಪಟ್ಠಾನ ಸುತ್ತ. ಅದು ಕಾಯ, ವೇದನೆ, ಚಿತ್ತ, ಧಮ್ಮ ಎಂಬ ನಾಲ್ಕು ನೆಲೆಗಳಲ್ಲಿ ಎಚ್ಚರವನ್ನು ನಿಲ್ಲಿಸುವ ಕ್ರಮವನ್ನು ವಿವರಿಸುತ್ತದೆ. ಇದನ್ನು ಧಾರ್ಮಿಕ ಚೌಕಟ್ಟಿನಿಂದ ಹೊರಗೆ ಆಸ್ಪತ್ರೆಯ ಪರಿಸರಕ್ಕೆ ಹೊಂದಿಸಿದವರು ಜಾನ್ ಕಬಾಟ್ ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಅವರು ಆರಂಭಿಸಿದ ಒತ್ತಡ ನಿವಾರಣಾ ಕಾರ್ಯಕ್ರಮ ಎಂಟು ವಾರಗಳದು. ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆಯ ತರಗತಿ, ಒಂದು ದಿನಪೂರ್ತಿಯ ಮೌನಾಭ್ಯಾಸ, ಮನೆಯಲ್ಲಿ ದಿನವೂ ಸುಮಾರು 45 ನಿಮಿಷದ ಅಭ್ಯಾಸ ಇದರ ಅಂಗಗಳು.

ಈ ಅಭ್ಯಾಸದಲ್ಲಿ ನಿಜವಾಗಿ ನಡೆಯುವುದೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ನೆಟ್ಟಗೆ ಕುಳಿತು ಮೂಗಿನ ಹೊಳ್ಳೆಗೆ ಉಸಿರು ತಾಗುವ ಜಾಗದ ಮೇಲೆ ಗಮನ ಇಟ್ಟವರಿಗೆ ಸ್ವಲ್ಪ ಹೊತ್ತಿನಲ್ಲೇ ನಿನ್ನೆಯ ಜಗಳವೋ ನಾಳೆಯ ಕೆಲಸವೋ ನೆನಪಾಗುತ್ತದೆ. ಮನಸ್ಸು ಅಲೆದದ್ದು ತಿಳಿದ ಕೂಡಲೇ ತನ್ನನ್ನು ಬೈದುಕೊಳ್ಳದೆ ಗಮನವನ್ನು ಮತ್ತೆ ಉಸಿರಿಗೆ ತರಬೇಕು. ಕೆನ್ನೆ ತುರಿಸುತ್ತದೆ, ಕೈ ತಾನಾಗಿ ಮೇಲೇಳಲು ಹವಣಿಸುತ್ತದೆ. ಕೆರೆದುಕೊಳ್ಳದೆ ಗಮನಿಸುತ್ತ ಕುಳಿತರೆ ತುರಿಕೆ ಹೆಚ್ಚುತ್ತದೆ, ಒಂದು ಮಟ್ಟ ಮುಟ್ಟುತ್ತದೆ, ಆಮೇಲೆ ಹಲವು ಸಲ ತಾನಾಗಿಯೇ ಇಳಿದುಹೋಗುತ್ತದೆ. ತುಡಿತ ಬೇರೆ, ಕ್ರಿಯೆ ಬೇರೆ. ತುಡಿತ ಹುಟ್ಟಿದ ಮಾತ್ರಕ್ಕೆ ಕ್ರಿಯೆ ನಡೆಯಲೇಬೇಕಿಲ್ಲ ಎಂಬುದು ಇಲ್ಲಿ ಉಪದೇಶವಾಗಿ ಅಲ್ಲದೆ ಮೈಯ ಅನುಭವವಾಗಿ ಮನದಟ್ಟಾಗುತ್ತದೆ. ತಿರುಗಿ ಬೈಯಬೇಕೆಂಬ ತುಡಿತ ಬಂದಾಗ ನೆರವಿಗೆ ಬರುವುದು ಹೀಗೆ ಗಳಿಸಿದ ತಿಳಿವಳಿಕೆ.

ಏರುತ್ತಿರುವ ಭಾವನೆಗೆ ಹೆಸರು ಕೊಡುವುದು ಇನ್ನೊಂದು ಉಪಾಯ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಅಥವಾ ಭಯ ತುಂಬಿದ ಮುಖಗಳನ್ನು ನೋಡುತ್ತ ಆ ಭಾವನೆಯ ಹೆಸರನ್ನು ಆರಿಸಿದವರ ಅಮಿಗ್ಡಾಲದ ಚಟುವಟಿಕೆ ತಗ್ಗಿತು; ಮಿದುಳಿನ ಬಲ ಮುಂಭಾಗದ ಒಂದು ಪ್ರದೇಶದ ಚಟುವಟಿಕೆ ಹೆಚ್ಚಿತು. ಹೆಸರು ಎಷ್ಟು ನಿಖರವಾಗಿದ್ದರೆ ಅಷ್ಟು ಉಪಯುಕ್ತ. ಸಿಟ್ಟು ಎಂದುಕೊಂಡದ್ದು ಎಷ್ಟೋ ಸಲ ಅವಮಾನ, ದಣಿವು ಅಥವಾ ಹಸಿವಾಗಿರುತ್ತದೆ, ಮತ್ತು ಪ್ರತಿಯೊಂದಕ್ಕೂ ಬೇಕಾದ ಪರಿಹಾರ ಬೇರೆ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ: ದೇಹದ ಬದಲಾವಣೆಯನ್ನು ಗುರುತಿಸುವುದು, ಉಸಿರು ಬಿಡುವ ಅವಧಿಯನ್ನು ತುಸು ಉದ್ದ ಮಾಡುವುದು, ಭಾವನೆಗೆ ಹೆಸರು ಕೊಡುವುದು, ಮಾತನ್ನು ಮುಂದೂಡುವುದು. ಯಾರದು ತಪ್ಪು ಎಂಬ ವಿಚಾರಣೆಗೆ ಅದು ಸಮಯವಲ್ಲ. ಉದ್ರಿಕ್ತ ಮನಸ್ಸು ತನ್ನ ಸಿಟ್ಟಿಗೆ ಪುರಾವೆಗಳನ್ನಷ್ಟೇ ಹುಡುಕುತ್ತದೆ.

ಆತ್ಮಾವಲೋಕನ: ಭಾವನೆ ಇಳಿದ ಮೇಲೆ

ಹಿಂದಿರುಗಿ ನೋಡುವುದೆಲ್ಲ ಆತ್ಮಾವಲೋಕನವಲ್ಲ. ಆದದ್ದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಮೆಲುಕು ಹಾಕುವ ಕೊರಗು ಖಿನ್ನತೆಯನ್ನು ಉದ್ದವಾಗಿಸುತ್ತದೆ ಎಂದು ಸೂಸನ್ ನೋಲೆನ್ ಹೋಕ್ಸೆಮಾ 1991ರಿಂದ ನಡೆಸಿದ ಅಧ್ಯಯನಗಳು ತೋರಿಸಿದವು. ಈಥನ್ ಕ್ರಾಸ್, ಓಜ್ಲೆಮ್ ಐಡುಕ್ ಮತ್ತು ವಾಲ್ಟರ್ ಮಿಶೆಲ್ 2005ರಲ್ಲಿ ಇನ್ನೂ ಸೂಕ್ಷ್ಮವಾದ ಅಂಶವನ್ನು ಹೊರತಂದರು. ಸಿಟ್ಟಿನ ಘಟನೆಯನ್ನು ಅದರೊಳಗೇ ನಿಂತು ಮತ್ತೆ ಅನುಭವಿಸಿದವರ ಸಿಟ್ಟು ಮರುಕಳಿಸಿತು. ದೂರದಲ್ಲಿ ನಿಂತ ನೋಡುಗರಂತೆ ಅದನ್ನು ಗಮನಿಸುತ್ತ ‘ಹಾಗೇಕೆ ಅನ್ನಿಸಿತು’ ಎಂದು ಕೇಳಿಕೊಂಡವರು ಸಿಟ್ಟು ಮರುಕಳಿಸದೆ ಕಾರಣವನ್ನು ಅರಿಯಬಲ್ಲವರಾದರು. ‘ಏಕೆ’ ಎಂಬ ಪ್ರಶ್ನೆಯ ಫಲ, ಕೇಳುವವರು ನಿಂತ ದೂರವನ್ನು ಅವಲಂಬಿಸಿದೆ.

ಈ ದೂರವನ್ನು ಒದಗಿಸುವ ಒಂದು ಶಿಸ್ತಾದ ವಿಧಾನ ಮಾರ್ಷಾ ಲಿನೆಹನ್ ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯ ಸರಪಳಿ ವಿಶ್ಲೇಷಣೆ. ಸ್ಫೋಟಕ್ಕೆ ಮೊದಲು ಮತ್ತು ಅನಂತರ ನಡೆದುದನ್ನು ಕೊಂಡಿ ಕೊಂಡಿಯಾಗಿ ಬರೆದುಕೊಳ್ಳುವುದು ಇದರ ಕ್ರಮ. ಹತ್ತನೇ ತರಗತಿಯ ಮಗನ ಮೊಬೈಲನ್ನು ಕಿತ್ತು ನೆಲಕ್ಕೆ ಬಡಿದ ತಂದೆಯ ಪ್ರಸಂಗವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಹಿನ್ನೆಲೆ: ಹಿಂದಿನ ರಾತ್ರಿ ನಿದ್ದೆ ಸಾಲದು, ಮಧ್ಯಾಹ್ನ ಊಟ ತಪ್ಪಿದೆ, ಸಂಜೆ ಮೇಲಧಿಕಾರಿ ಎಲ್ಲರೆದುರು ಮಾತು ಅಂದಿದ್ದಾರೆ, ಬಸ್ಸಿನಲ್ಲಿ ನಿಂತೇ ಬಂದದ್ದಾಗಿದೆ. ಪ್ರಚೋದನೆ: ಬಾಗಿಲು ತೆರೆದ ಸದ್ದಿಗೂ ಮಗ ತಲೆ ಎತ್ತಲಿಲ್ಲ. ಆಲೋಚನೆ: ‘ಈ ಮನೆಯಲ್ಲಿ ನನಗೆ ಬೆಲೆಯೇ ಇಲ್ಲ.’ ದೇಹ: ಕಿವಿ ಬಿಸಿಯಾಯಿತು, ದವಡೆ ಬಿಗಿಯಿತು. ಕ್ರಿಯೆ: ಕಿತ್ತುಕೊಂಡದ್ದು, ಬಡಿದದ್ದು. ಪರಿಣಾಮ: ಕ್ಷಣದ ಸಮಾಧಾನ, ಅನಂತರ ಮಗನ ಮುಚ್ಚಿದ ಬಾಗಿಲು, ಹೆಂಡತಿಯ ಮೌನ, ರಾತ್ರಿಯ ಪಶ್ಚಾತ್ತಾಪ.

ಹೀಗೆ ಬರೆದಾಗ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಸಿಟ್ಟಿನ ಬಹುಪಾಲು ಮನೆಗೆ ಬರುವ ಮೊದಲೇ ಕೂಡಿಕೊಂಡಿತ್ತು. ‘ಬೆಲೆಯೇ ಇಲ್ಲ’ ಎಂಬ ಮಾತು ಮೇಲಧಿಕಾರಿಯಿಂದಾದ ಅವಮಾನದ ಮುಂದುವರಿಕೆ, ಮಗನ ವರ್ತನೆಯ ಸರಿಯಾದ ಅರ್ಥವಲ್ಲ. ಸರಪಳಿಯನ್ನು ತುಂಡರಿಸಲು ಅತಿ ಸುಲಭವಾದ ಕೊಂಡಿ ಕೊನೆಯದಲ್ಲ, ಮೊದಲಿನದು: ಮಧ್ಯಾಹ್ನದ ಊಟ, ಮನೆಗೆ ಬಂದ ಕೂಡಲೇ ಮುಖ ತೊಳೆದು ಹತ್ತು ನಿಮಿಷ ಕೂರುವುದು. ಕಾರಣ ತಿಳಿದ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ಮಗನ ಕ್ಷಮೆ ಕೇಳಿ, ಒಡೆದದ್ದನ್ನು ಸರಿಪಡಿಸಿಕೊಡುವುದೂ ಆತ್ಮಾವಲೋಕನದ ಭಾಗ.

ಕಂಡುಕೊಂಡದ್ದನ್ನು ಮುಂದಿನ ಸಲಕ್ಕೆ ಸಿದ್ಧವಾಗಿಡುವ ಉಪಾಯವನ್ನು ಪೀಟರ್ ಗಾಲ್ವಿಟ್ಸರ್ ಅವರ ಸಂಶೋಧನೆ ಒದಗಿಸುತ್ತದೆ. ‘ಇನ್ನು ಮೇಲೆ ಸಿಟ್ಟು ಮಾಡುವುದಿಲ್ಲ’ ಎಂಬ ಸಾಮಾನ್ಯ ಸಂಕಲ್ಪಕ್ಕಿಂತ ‘ದವಡೆ ಬಿಗಿಯಿತೆಂದರೆ ಮಾತು ನಿಲ್ಲಿಸಿ ನೀರು ಕುಡಿಯಲು ಏಳುತ್ತೇನೆ’ ಎಂಬಂತಹ, ಸುಳಿವಿಗೂ ಕ್ರಿಯೆಗೂ ಗಂಟು ಹಾಕಿದ ಸಂಕಲ್ಪ ಹೆಚ್ಚು ಫಲಕಾರಿ. ಎರಡು ಸಾಧನಗಳು ಕೂಡುವುದು ಇಲ್ಲಿ. ಯಾವ ಸುಳಿವಿಗೆ ಕಾಯಬೇಕೆಂದು ಆತ್ಮಾವಲೋಕನ ತಿಳಿಸಿಕೊಡುತ್ತದೆ. ಆ ಸುಳಿವು ಬಂದಾಗ ಸಾವಧಾನ ಅದನ್ನು ಹಿಡಿಯುತ್ತದೆ.

ಪುರಾವೆಗಳು ಮತ್ತು ಮಿತಿಗಳು

ಲಿನೆಹನ್ ಅವರ ಚಿಕಿತ್ಸೆಯ ಮೊದಲ ನಿಯಂತ್ರಿತ ಪರೀಕ್ಷೆ 1991ರಲ್ಲಿ ಪ್ರಕಟವಾಯಿತು. ತೀವ್ರ ಭಾವ ಏರಿಳಿತವಿದ್ದ ಮಹಿಳೆಯರಲ್ಲಿ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಪ್ರಸಂಗಗಳು ಅದರಿಂದ ಕಡಿಮೆಯಾದವು. ಜಾನ್ ಟೀಸ್‌ಡೇಲ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಒಳಗಾಗಿದ್ದವರ ಪೈಕಿ ಸಾಮಾನ್ಯ ಚಿಕಿತ್ಸೆ ಪಡೆದ ಶೇ. 66ರಷ್ಟು ಮಂದಿಗೆ ಕಾಯಿಲೆ ಮರುಕಳಿಸಿದರೆ, ಸಾವಧಾನ ಆಧಾರಿತ ಚಿಕಿತ್ಸೆಯನ್ನೂ ಪಡೆದವರಲ್ಲಿ ಆ ಪ್ರಮಾಣ ಶೇ. 37ರಷ್ಟಿತ್ತು.

ಈ ಫಲಿತಾಂಶಗಳನ್ನು ಹಿಗ್ಗಿಸಿ ಹೇಳಬಾರದು. 2014ರಲ್ಲಿ 47 ಪರೀಕ್ಷೆಗಳನ್ನು ಪರಾಮರ್ಶಿಸಿದ ಮಾಧವ್ ಗೋಯಲ್ ಮತ್ತು ಸಂಗಡಿಗರು ಧ್ಯಾನದಿಂದ ಆತಂಕ, ಖಿನ್ನತೆ, ನೋವುಗಳಲ್ಲಿ ಸಣ್ಣದರಿಂದ ಮಧ್ಯಮ ಪ್ರಮಾಣದ ಸುಧಾರಣೆಯನ್ನು ಕಂಡರು. ಔಷಧ, ವ್ಯಾಯಾಮದಂತಹ ಇತರ ಚಿಕಿತ್ಸೆಗಳಿಗಿಂತ ಅದು ಮೇಲೆಂಬುದಕ್ಕೆ ಪುರಾವೆ ಸಿಗಲಿಲ್ಲ. ಬ್ರಿಟನ್ನಿನ ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು ನಡೆದ, 2022ರಲ್ಲಿ ವರದಿಯಾದ ಪರೀಕ್ಷೆಯಲ್ಲಿ ಸಾವಧಾನದ ಪಾಠಗಳಿಂದ ಎಂದಿನ ಬೋಧನೆಗಿಂತ ಹೆಚ್ಚಿನ ಲಾಭವಾಗಲಿಲ್ಲ. ಎಂಟು ವಾರಗಳಲ್ಲಿ ಮಿದುಳಿನ ರಚನೆಯೇ ಬದಲಾಗುತ್ತದೆ ಎಂಬ ಜನಪ್ರಿಯ ಹೇಳಿಕೆಯನ್ನು ಅದೇ ವರ್ಷದ ಇನ್ನೊಂದು ಅಧ್ಯಯನ ಸಮರ್ಥಿಸಲಿಲ್ಲ. ಆಘಾತದ ಅನುಭವವುಳ್ಳ ಕೆಲವರಿಗೆ ಕಣ್ಣುಮುಚ್ಚಿ ಒಳಗೆ ನೋಡುವ ಅಭ್ಯಾಸವೇ ಕಳವಳ ತರಬಹುದು. ಅಂಥವರು ನುರಿತವರ ಮಾರ್ಗದರ್ಶನದಲ್ಲಿ ಮಾತ್ರ ಆರಂಭಿಸಬೇಕು.

ಇದಕ್ಕಿಂತ ಗಂಭೀರವಾದ ಮಿತಿ ಸಾಮಾಜಿಕವಾದದ್ದು. ಹೊಡೆತ ತಿನ್ನುವ ಹೆಂಡತಿಯ ಅಳುವನ್ನು, ಕೂಲಿ ಸಿಗದ ಕಾರ್ಮಿಕರ ಸಿಟ್ಟನ್ನು ಅತಿರೇಕವೆಂದು ಕರೆದು ಧ್ಯಾನ ಮಾಡಲು ಹೇಳುವುದು ಅನ್ಯಾಯಕ್ಕೆ ಒತ್ತಾಸೆಯಾಗುತ್ತದೆ. ಅಲ್ಲಿ ಬದಲಾಗಬೇಕಾದದ್ದು ಸನ್ನಿವೇಶ.

ಸಿಟ್ಟಿನ ಭರದಲ್ಲಿ ಮೇಲಿಂದ ಮೇಲೆ ಕೈ ಎತ್ತುವುದು, ವಸ್ತು ಒಡೆಯುವುದು, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬರುವುದು, ವಾರಗಟ್ಟಲೆ ನಿದ್ದೆ ಕೆಡುವುದು ಇವು ಸ್ವಂತ ಅಭ್ಯಾಸಕ್ಕೆ ಬಿಡಬೇಕಾದ ವಿಷಯಗಳಲ್ಲ. ಇವುಗಳ ಹಿಂದೆ ಬೈಪೋಲಾರ್ ಕಾಯಿಲೆ, ಖಿನ್ನತೆ, ಮದ್ಯವ್ಯಸನ, ಥೈರಾಯ್ಡ್ ದೋಷ ಇರಬಹುದು. ವೈದ್ಯರ ಪರೀಕ್ಷೆ ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್ ಪ್ರಮುಖ ಪಾತ್ರ ವಹಿಸಿರುವ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಉಚಿತವಾಗಿ ದೊರೆಯುತ್ತದೆ.

ಉಳಿದವರ ಮಟ್ಟಿಗೆ ಸಂಶೋಧನೆಗಳ ಸಾರ ಇಷ್ಟು. ಸಾವಧಾನವನ್ನು ಮನಸ್ಸು ತಿಳಿಯಾಗಿರುವಾಗ ದಿನವೂ ಅಭ್ಯಾಸ ಮಾಡಬೇಕು. ಕೆರಳಿದ ಹೊತ್ತಿನಲ್ಲಿ ಅದನ್ನು ಹೊಸದಾಗಿ ಕಲಿಯಲಾಗದು. ವಿಚಾರಣೆಯನ್ನು ಉದ್ರೇಕ ಇಳಿದ ಮೇಲೆ, ಬರವಣಿಗೆಯಲ್ಲಿ, ಕೊಂಡಿ ಕೊಂಡಿಯಾಗಿ ನಡೆಸಬೇಕು. ಈ ಕ್ರಮವನ್ನು ಪಾಲಿಸಿದವರಿಗೂ ಸಿಟ್ಟು ಬರುತ್ತದೆ. ಆದರೆ ಅದು ಆಡಿಸಿದ ಹಾಗೆ ಅವರು ಆಡಬೇಕಾಗುವುದಿಲ್ಲ.