ಕಂದು ಕೊಳೆಯೂ ಮರದ ಬಲವೂ: ನ್ಯೂಯಾರ್ಕ್–ನ್ಯೂಜೆರ್ಸಿ ಪ್ರದೇಶದ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ನ್ಯೂಯಾರ್ಕ್ ಸಸ್ಯೋದ್ಯಾನದ ಶಿಲೀಂಧ್ರತಜ್ಞ ವಿಲಿಯಂ ಆಲ್ಫಾನ್ಸೊ ಮರ್ರಿಲ್, ಯುರೋಪಿನಲ್ಲಿ ಮೊದಲೇ ವರ್ಣಿತವಾಗಿದ್ದ ಒಂದು ಅಣಬೆಯನ್ನು 1908ರಲ್ಲಿ ಗ್ಲಿಯೋಫಿಲಂ ಕುಲಕ್ಕೆ ಸೇರಿಸಿದರು. ಕಂದು ಕೊಳೆ ತರುವ ಆ ಗ್ಲಿಯೋಫಿಲಂ ಟ್ರೇಬಿಯಂ ಇಂದು ಮರದ ಬಾಳಿಕೆಯನ್ನು ಒರೆಗೆ ಹಚ್ಚುವ ಪ್ರಯೋಗಾಲಯಗಳಲ್ಲೆಲ್ಲ ಬಳಕೆಯಲ್ಲಿದೆ. ಅದರ ಕಾರ್ಯಕ್ಷೇತ್ರವೂ ಮರ್ರಿಲ್ಲರ ಊರಿಗೆ ದೂರವಲ್ಲ. ಹಡ್ಸನ್ ನದಿಯ ಆಚೆ ದಡದ ನ್ಯೂಜೆರ್ಸಿಯ ಉಪನಗರಗಳಲ್ಲಿ ಹೆಚ್ಚಿನ ಮನೆಗಳ ಚೌಕಟ್ಟು ಪೈನ್, ಫರ್, ಸ್ಪ್ರೂಸ್‌ನಂಥ ಮೆದುಮರದ್ದು; ಕಂದು ಕೊಳೆಯ ಶಿಲೀಂಧ್ರಗಳಿಗೆ ಪ್ರಿಯವಾದದ್ದೂ ಮೆದುಮರವೇ. ಈ ಶಿಲೀಂಧ್ರಗಳ ಹಾನಿಯನ್ನು ತೂಕದ ಇಳಿಕೆಯಿಂದಲೋ ಕಣ್ಣಿಗೆ ಕಾಣುವ ಬಣ್ಣದಿಂದಲೋ ಅಳೆಯುವ ರೂಢಿ ಸಾಲದು ಎಂಬುದು ಈ ಲೇಖನದ ವಾದ.

ಬಿಳಿ ಕೊಳೆಯ ಶಿಲೀಂಧ್ರ ಲಿಗ್ನಿನನ್ನೂ ಸೆಲ್ಯುಲೋಸನ್ನೂ ಕರಗಿಸಿ ತಿನ್ನುತ್ತದೆ. ಕಂದು ಕೊಳೆಯದು ಬೇರೆ ಬಗೆ. ಲಿಗ್ನಿನನ್ನು ಅದು ತುಸು ಮಾರ್ಪಡಿಸಿ ಹಾಗೆಯೇ ಉಳಿಸುತ್ತದೆ. ಕಂದು ಬಣ್ಣ ಬರುವುದು ಅದರಿಂದ. ಕೋಶಭಿತ್ತಿಯ ರಂಧ್ರಗಳು ಎಷ್ಟು ಕಿರಿದೆಂದರೆ, ಆರಂಭದಲ್ಲಿ ಕಿಣ್ವಗಳು ಒಳಹೋಗಲಾರವು. ಆದ್ದರಿಂದ ಶಿಲೀಂಧ್ರ ಸಣ್ಣ ಅಣುಗಳನ್ನು ಮುಂದೆ ಕಳಿಸುತ್ತದೆ. ಅವು ಕಬ್ಬಿಣದ ಅಯಾನುಗಳನ್ನು ಅಪಕರ್ಷಿಸುತ್ತವೆ, ಕಬ್ಬಿಣ ಹೈಡ್ರೊಜನ್ ಪೆರಾಕ್ಸೈಡ್ ಜೊತೆ ವರ್ತಿಸುತ್ತದೆ, ಹುಟ್ಟಿದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಸೆಲ್ಯುಲೋಸ್ ಸರಪಳಿಯನ್ನು ಸಿಕ್ಕ ಸಿಕ್ಕಲ್ಲಿ ಕತ್ತರಿಸುತ್ತವೆ. ಸಂಶೋಧಕ ಬ್ಯಾರಿ ಗುಡೆಲ್ ಮತ್ತು ಸಂಗಡಿಗರು 1997ರಲ್ಲಿ ಈ ವಿವರಣೆಯನ್ನು ಮಂಡಿಸಿದರು. ಕತ್ತರಿಸಿದ ತುಣುಕುಗಳು ಇನ್ನೂ ಮರದೊಳಗೇ ಇರುವುದರಿಂದ ತೂಕ ಅಷ್ಟಾಗಿ ಇಳಿದಿರುವುದಿಲ್ಲ. ಆದರೆ ಮರಕ್ಕೆ ಬಲ ಕೊಡುತ್ತಿದ್ದ ಉದ್ದನೆಯ ಸರಪಳಿ ಆಗಲೇ ತುಂಡಾಗಿರುತ್ತದೆ. ತೂಕ ಶೇ. 10ರಷ್ಟು ಇಳಿಯುವ ಹೊತ್ತಿಗೆ ಬಾಗುವ ಬಲ ಅರ್ಧಕ್ಕಿಂತ ಹೆಚ್ಚು ಹೋಗಿರುವುದುಂಟು. ಹಠಾತ್ ಹೊಡೆತ ತಾಳುವ ಶಕ್ತಿ ಅದಕ್ಕೂ ಮೊದಲೇ ಕುಸಿಯುತ್ತದೆ.

ಇದನ್ನು ಕೈಯಾರೆ ನೋಡಬಹುದು. ಗಟ್ಟಿ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ ಮೀಟಿದರೆ ಉದ್ದನೆಯ ಸಿಬರು ಎದ್ದು ಬರುತ್ತದೆ. ಕೊಳೆ ತಗುಲಿದ ತೊಲೆಯಲ್ಲಿ ಸಿಬರು ಏಳುವುದೇ ಇಲ್ಲ; ಮೀಟಿದ ಜಾಗದಲ್ಲೇ ಎಳೆಗೆ ಅಡ್ಡಲಾಗಿ ಮೊಟಕಾಗಿ ಮುರಿಯುತ್ತದೆ. ಮಲೆನಾಡಿನವರು ಲಡ್ಡು ಎನ್ನುವ, ಚೌಕ ಚೌಕವಾಗಿ ಸೀಳಿ ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಸ್ಥಿತಿ ಬರುವುದು ಎಷ್ಟೋ ಆಮೇಲೆ. ಅಷ್ಟರೊಳಗೆ ಆ ತೊಲೆ ಭಾರ ಹೊರುವ ಯೋಗ್ಯತೆ ಕಳೆದುಕೊಂಡಿರುತ್ತದೆ.

ಇಂಥ ಕೊಳೆಯಿಂದ ಅಮೆರಿಕದ ಹಿತ್ತಲುಗಳ ಮರದ ಡೆಕ್‌ಗಳನ್ನು ದಶಕಗಳ ಕಾಲ ಕಾಪಾಡಿದ್ದು ಭಾರತೀಯರೊಬ್ಬರ ಶೋಧ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶನ್ 1933ರಲ್ಲಿ ರೂಪಿಸಿದ ತಾಮ್ರ–ಕ್ರೋಮಿಯಂ–ಆರ್ಸೆನಿಕ್ ಮಿಶ್ರಣ ಅದು. ಆರ್ಸೆನಿಕ್‌ನ ಅಪಾಯದಿಂದಾಗಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಆ ಮಿಶ್ರಣ ಹಚ್ಚುವುದು ಅಮೆರಿಕದಲ್ಲಿ ಬಹುಮಟ್ಟಿಗೆ ನಿಂತಿತು. ಬದಲಿಗೆ ಬಂದವುಗಳಲ್ಲಿ ತಾಮ್ರದ ಪಾಲು ಹೆಚ್ಚು. ಇಲ್ಲೊಂದು ತೊಡಕಿದೆ: ಕೆಲವು ಕಂದು ಕೊಳೆ ಶಿಲೀಂಧ್ರಗಳು ಆಕ್ಸಾಲಿಕ್ ಆಮ್ಲ ಸುರಿಸಿ ತಾಮ್ರವನ್ನು ಕರಗದ ಆಕ್ಸಲೇಟ್ ಆಗಿಸಿ ನಿಷ್ಕ್ರಿಯಗೊಳಿಸುತ್ತವೆ. ಹಾಗಾಗಿ ತಾಮ್ರದ ಜೊತೆಗೆ ಇನ್ನೊಂದು ಶಿಲೀಂಧ್ರನಾಶಕ ಸೇರಿಸಬೇಕಾಗುತ್ತದೆ. ಒತ್ತಡದಿಂದ ಔಷಧಿ ತುಂಬಿದ ಹಲಗೆಯಲ್ಲೂ ಅದು ತಿರುಳಿನವರೆಗೆ ಇಳಿದಿರುವುದಿಲ್ಲ. ಬಡಗಿ ಕೊಯ್ದ ತುದಿ, ಬೋಲ್ಟಿಗೆ ಕೊರೆದ ತೂತು ಶಿಲೀಂಧ್ರಕ್ಕೆ ತೆರೆದ ಬಾಗಿಲು.

ಮರದ ಹಿಟ್ಟು ಮತ್ತು ಪ್ಲಾಸ್ಟಿಕ್ ಬೆರೆಸಿದ ಸಂಯುಕ್ತ ಹಲಗೆಗಳು 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದಾಗ, ಪ್ಲಾಸ್ಟಿಕ್ ಹೊದಿಕೆಯೊಳಗಿನ ಮರ ಕೊಳೆಯದು ಎಂಬ ನಂಬಿಕೆಯಿತ್ತು. ಫ್ಲಾರಿಡಾದ ಎವರ್‌ಗ್ಲೇಡ್ಸ್ ಉದ್ಯಾನದ ಕಾಲುಹಾದಿಯ ಸಂಯುಕ್ತ ಹಲಗೆಗಳ ಮೇಲೆ ಕೊಳೆ ಶಿಲೀಂಧ್ರ ಬೆಳೆದಿದ್ದನ್ನು ಸಂಶೋಧಕರಾದ ಮಾರಿಸ್ ಮತ್ತು ಕೂಪರ್ 1998ರಲ್ಲಿ ವರದಿ ಮಾಡಿ ಆ ನಂಬಿಕೆಯನ್ನು ಅಲುಗಿಸಿದರು. ಪ್ಲಾಸ್ಟಿಕ್ ನೀರಿನ ಪ್ರವೇಶವನ್ನು ತಡಮಾಡುತ್ತದೆ, ತಡೆಯುವುದಿಲ್ಲ. ಮರದ ಪಾಲು ಅರ್ಧ ದಾಟಿದಾಗ ಕಣಗಳು ಒಂದಕ್ಕೊಂದು ತಾಗಿ ಒಳಕ್ಕೆ ದಾರಿಯಾಗುತ್ತವೆ. ಹೊರಗಿನ ಕೆಲವೇ ಮಿಲಿಮೀಟರ್ ಪದರ ಕೊಳೆಗೆ ಬೇಕಾದಷ್ಟು ತೇವ ಹಿಡಿಯುತ್ತದೆ. ಇಡೀ ಹಲಗೆಯ ಸರಾಸರಿ ತೇವ ಕಡಿಮೆಯೇ ಕಾಣುವುದರಿಂದ ಅಳತೆ ದಾರಿ ತಪ್ಪಿಸುತ್ತದೆ. ಇಡೀ ತೂಕದ ಮೇಲೆ ಶೇಕಡಾವಾರು ಹಾನಿ ಲೆಕ್ಕ ಹಾಕಿದರೂ ಇದೇ ಪಾಡು, ಏಕೆಂದರೆ ಪ್ಲಾಸ್ಟಿಕನ್ನು ಶಿಲೀಂಧ್ರ ತಿನ್ನುವುದಿಲ್ಲ. ಮರದ ಪಾಲನ್ನಷ್ಟೇ ಆಧಾರವಾಗಿಟ್ಟುಕೊಂಡ ಲೆಕ್ಕ ನ್ಯಾಯವಾದದ್ದು. ಹಲಗೆಯ ಮಿಶ್ರಣಕ್ಕೆ ಶಿಲೀಂಧ್ರ ತಡೆಯುವ ಸತು ಬೋರೇಟ್ ಬೆರೆಸುವುದು ಉಪಯುಕ್ತ ಪರಿಹಾರ. ರಟ್ಗರ್ಸ್ ವಿಶ್ವವಿದ್ಯಾಲಯದವರು ಹಿಡಿದ ದಾರಿ ಬೇರೆ: ಮರವನ್ನೇ ಬಿಟ್ಟು, ಮರುಬಳಕೆಯ ಪ್ಲಾಸ್ಟಿಕ್‌ನಿಂದ ತೊಲೆ ಮಾಡುವುದು. ನ್ಯೂಜೆರ್ಸಿಯ ವಾರ್ಟನ್ ಅರಣ್ಯದಲ್ಲಿ ಮಲ್ಲಿಕಾ ನದಿಗೆ ಅಂಥ ತೊಲೆಗಳ ಸೇತುವೆ 2002ರಲ್ಲಿ ಬಂತು.

ಬಣ್ಣ ನಂಬುವುದರ ಅಪಾಯಕ್ಕೂ ನ್ಯೂಜೆರ್ಸಿಯೇ ಸಾಕ್ಷಿ. 1980ರ ದಶಕದಲ್ಲಿ ಅಲ್ಲಿನ ಸಾಲುಮನೆಗಳ ಚಾವಣಿಯ ಬೆಂಕಿನಿರೋಧಕ ಪ್ಲೈವುಡ್ ಕಂದಾಗಿ, ಪೆಡಸಾಗಿ, ಒಡೆಯತೊಡಗಿತು. ನೋಟಕ್ಕೆ ಅದು ಕಂದು ಕೊಳೆಯಂತೆಯೇ ಇತ್ತು, ಕಾರಣ ಶಿಲೀಂಧ್ರವಲ್ಲ. ಚಾವಣಿಯ ಬಿಸಿಗೆ ನಿರೋಧಕ ಲವಣಗಳು ಆಮ್ಲ ಬಿಡುಗಡೆ ಮಾಡಿ ಮರದ ಸರಪಳಿಗಳನ್ನು ತುಂಡರಿಸಿದ್ದವು. 1991ರಲ್ಲಿ ರಾಜ್ಯವು ಹೊಸ ಮನೆಗಳ ಖಾತರಿ ಯೋಜನೆಯ ಕಾನೂನಿನಲ್ಲಿ ಈ ಪ್ಲೈವುಡ್‌ನ ಹಾನಿಗೂ ಜಾಗ ಮಾಡಿಕೊಡಬೇಕಾಯಿತು. ತೇವ ಅಳೆಯದೆ, ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆ ಹುಡುಕದೆ ರೋಗನಿರ್ಣಯ ಮಾಡಿದರೆ ಮದ್ದು ಬೇರೆ ರೋಗಕ್ಕೆ ಹೋಗುತ್ತದೆ.

ಹಾಗಾಗಿ ಬಾಳಿಕೆಯ ಪರೀಕ್ಷೆಗಳಲ್ಲಿ ತೂಕದ ಜೊತೆ ಬಾಗುಬಲವನ್ನೂ ಕಡ್ಡಾಯವಾಗಿ ದಾಖಲಿಸಬೇಕು. ಸಂಯುಕ್ತ ವಸ್ತುಗಳಲ್ಲಿ ಹೊರಪದರದ ತೇವವನ್ನು ಪ್ರತ್ಯೇಕವಾಗಿ ಅಳೆಯಬೇಕು. ನ್ಯೂಜೆರ್ಸಿಯ ಎಡಿಸನ್ನಿನಲ್ಲೋ ಪಿಸ್ಕಾಟವೇಯಲ್ಲೋ ನೆಲೆಸಿದ ಕನ್ನಡಿಗರು ತಮ್ಮ ಡೆಕ್ಕನ್ನು ಗೋಡೆಗೆ ಬಿಗಿದ ಆಧಾರ ಹಲಗೆಯಲ್ಲಿ ತೇವಾಂಶ ಶೇ. 20 ಮೀರದಂತೆ ನೋಡಿಕೊಳ್ಳಲಿ, ಅದರ ಮೇಲಂಚಿಗೆ ನೀರಿಳಿಯದಂತೆ ತಗಡು ಹೊದಿಸಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಲಿ.