ಎಚ್‌ಆರ್ ಟೇಬಲ್‌ನಿಂದ ಪೊಲೀಸ್ ಠಾಣೆವರೆಗೆ: ಮುಂಬೈನಲ್ಲಿ ಸಮಾಜಕಾರ್ಯ ನೌಕರಿಯಾದ ಕಥೆ

ಮನೆಯಲ್ಲಿ ಯಾರಾದರೂ ಎಂಎಸ್‌ಡಬ್ಲ್ಯೂ ಓದ್ತೀನಿ ಅಂದರೆ ಮೊದಲು ಬರೋ ಮಾತು ಗೊತ್ತಲ್ಲ: "ಸಮಾಜಸೇವೆ ಮಾಡೋಕೆ ಎರಡು ವರ್ಷ ಓದಬೇಕಾ? ಓದಿದ ಮೇಲೆ ಕೆಲಸ ಯಾರು ಕೊಡ್ತಾರೆ?" ಇದನ್ನು ಕೇಳೋದರಲ್ಲಿ ತಪ್ಪೇನಿಲ್ಲ. ಉತ್ತರ ಬೇಕಾದರೆ ಮುಂಬೈನ ಸುಮಾರು 90 ವರ್ಷದ ಚರಿತ್ರೆ ನೋಡಬೇಕು. ಇವತ್ತಿನ ಮಾತು ಅದರ ಬಗ್ಗೆ.

ಸೇವೆ ಅನ್ನೋದು ಈ ಊರಿಗೆ ಹೊಸದಲ್ಲ. ನಮ್ಮ ಕನ್ನಡದವರನ್ನೇ ತಗೊಳ್ಳಿ. ಹಗಲು ಹೋಟೆಲ್‌ನಲ್ಲಿ ದುಡಿಯೋ ಹುಡುಗರಿಗಾಗಿ ಇಲ್ಲಿನ ಸಂಘಗಳು ರಾತ್ರಿ ಶಾಲೆ ನಡೆಸಿದವು. ಆದರೆ ಅದು ಬಿಡುವಿನ ವೇಳೆಯ ಕೆಲಸ, ಸಂಬಳದ ಕೆಲಸ ಅಲ್ಲ. ಸೇವೆಗೂ ತರಬೇತಿ ಬೇಕು ಅಂತ ಇಲ್ಲಿ ಪಟ್ಟು ಹಿಡಿದವರಲ್ಲಿ ಮುಖ್ಯರು ಕ್ಲಿಫರ್ಡ್ ಮ್ಯಾನ್ಶಾರ್ಟ್ ಅನ್ನೋ ಅಮೆರಿಕನ್ ಮಿಷನರಿ. 1927ರಲ್ಲಿ ಬೈಕುಲಾ ಹತ್ತಿರದ ನಾಗಪಾಡಾದಲ್ಲಿ ಅವರು ನೇಬರ್‌ಹುಡ್ ಹೌಸ್ ಶುರು ಮಾಡಿದರು. ಸುತ್ತ ಚಾಳುಗಳು, ಗಿರಣಿ ಕಾರ್ಮಿಕರು, ಸಾಲ, ಕಾಯಿಲೆ. ಒಳ್ಳೆ ಮನಸ್ಸೊಂದೇ ಸಾಲದು ಅನ್ನೋದು ಅವರಿಗೆ ಅಲ್ಲಿ ಮನದಟ್ಟಾಯ್ತು. 1936ರಲ್ಲಿ ಟಾಟಾ ಟ್ರಸ್ಟ್ ಹಣದಲ್ಲಿ ಅದೇ ನಾಗಪಾಡಾದಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ತೆರೆಯಿತು. ಭಾರತದಲ್ಲಿ ಇಂಥದ್ದು ಅದೇ ಮೊದಲು. 1944ರಲ್ಲಿ ಅದಕ್ಕೆ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್, ಅಂದರೆ ನಾವೆಲ್ಲ ಹೇಳೋ ಟಿಸ್, ಅಂತ ಹೆಸರಾಯ್ತು. 1954ರಲ್ಲಿ ಅದು ದೇವನಾರ್‌ಗೆ ಬಂತು. ನವಿ ಮುಂಬೈ ಆಫೀಸಿಗೆ ಚೆಂಬೂರು ದಾಟಿ ಹೋಗೋವಾಗ ನೀವು ಅದರ ಗೇಟ್ ನೋಡಿರಬಹುದು.

ಅಲ್ಲಿ ನಮ್ಮ ಕಡೆಯವರ ಪಾಲೂ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದ್ದ ಎ.ಆರ್. ವಾಡಿಯಾ 50ರ ದಶಕದಲ್ಲಿ ಟಿಸ್ ನಿರ್ದೇಶಕರಾಗಿದ್ದರು. 1962ರಿಂದ ಎರಡು ದಶಕ ಅದನ್ನು ನಡೆಸಿದ ಎಂ.ಎಸ್. ಗೋರೆ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ.

ಸರಿ, ಶಾಲೆ ಬಂತು. ನೌಕರಿ ಎಲ್ಲಿಂದ ಬಂತು? ಗಿರಣಿಯಿಂದ. ಆ ಕಾಲದಲ್ಲಿ ಗಿರಣಿಗೆ ಆಳು ಸೇರಿಸ್ತಿದ್ದವನು ಜಾಬರ್. ಕೆಲಸ ಕೊಡಿಸೋಕೆ ದಸ್ತೂರಿ, ಉಳಿಸಿಕೊಳ್ಳೋಕೆ ಮತ್ತೆ ದಸ್ತೂರಿ. ಇದನ್ನು ತಪ್ಪಿಸೋಕೆ ಲೇಬರ್ ಆಫೀಸರ್ ಬೇಕು ಅಂತ 1931ರಲ್ಲಿ ರಾಯಲ್ ಕಮಿಷನ್ ವರದಿ ಕೊಟ್ಟಿತು. 1934ರ ದೊಡ್ಡ ಮುಷ್ಕರದ ಬೆನ್ನಲ್ಲೇ ಬಾಂಬೆ ಸರ್ಕಾರ ಕಾನೂನು ಮಾಡಿ ಲೇಬರ್ ಆಫೀಸರ್ ಹುದ್ದೆ ತಂದಿತು. ಆಮೇಲೆ ಬಂತು 1948ರ ಫ್ಯಾಕ್ಟರಿ ಕಾಯ್ದೆ. ಅದರ 49ನೇ ಕಲಮಿನ ಪ್ರಕಾರ 500 ಅಥವಾ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರ್ ಇರಲೇಬೇಕಿತ್ತು. ಸಮಾಜಕಾರ್ಯ ಓದಿದವರಿಗೆ ಖಾಯಂ ಕುರ್ಚಿ ಸಿಕ್ಕಿದ್ದು ಹೀಗೆ. ಆ ವೆಲ್‌ಫೇರ್ ಆಫೀಸರ್ ಕೆಲಸವೇ ಬೆಳೀತಾ ಪರ್ಸನಲ್ ಮ್ಯಾನೇಜ್ಮೆಂಟ್ ಆಯ್ತು, ಕೊನೆಗೆ ಎಚ್‌ಆರ್ ಆಯ್ತು. ಅಪ್ರೈಸಲ್ ದಿನ ನಿಮ್ಮೆದುರು ಕೂರೋ ಎಚ್‌ಆರ್‌ಗೆ ಒಂದು ಬೇರು ಗಿರಣಿ ಕಾರ್ಮಿಕನ ದೂರು ಕೇಳೋಕೆ ಕೂತ ಆ ಮೇಜಿನಲ್ಲಿದೆ! ಟಿಸ್‌ನಲ್ಲಿ ಇವತ್ತಿಗೂ ಭಾರಿ ಪೈಪೋಟಿ ಇರೋ ಕೋರ್ಸ್‌ಗಳಲ್ಲಿ ಇದೂ ಒಂದು.

ಇನ್ನೊಂದು ದಾರಿ ಎಚ್‌ಆರ್ ಕಡೆ ಹೋಗಲಿಲ್ಲ. 1946ರಲ್ಲಿ ಜೆ.ಜೆ. ಆಸ್ಪತ್ರೆಗೆ ದೇಶದ ಮೊದಲ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕ ಆಯ್ತು. 1984ರಲ್ಲಿ ಟಿಸ್ ಮತ್ತು ಮುಂಬೈ ಪೊಲೀಸ್ ಸೇರಿ, ಮನೆಯಲ್ಲಿ ಹೊಡೆತ ತಿಂದು ಬರೋ ಹೆಂಗಸರಿಗಾಗಿ ಪೊಲೀಸ್ ವ್ಯವಸ್ಥೆಯ ಒಳಗೇ ವಿಶೇಷ ಘಟಕ ತೆರೆದವು. ಅಲ್ಲಿ ಮಾತಾಡಿಸೋದು ಸಮವಸ್ತ್ರದವರಲ್ಲ, ಸಮಾಜಕಾರ್ಯ ಓದಿದವರು. ಮುಂದೆ ಮಹಾರಾಷ್ಟ್ರ ಸರ್ಕಾರ ಇದನ್ನು ಬೇರೆ ಜಿಲ್ಲೆಗಳಿಗೂ ಒಯ್ದಿತು. 1996ರಲ್ಲಿ ಇದೇ ಟಿಸ್‌ನಿಂದ ಮಕ್ಕಳ ಸಹಾಯವಾಣಿ 1098 ಹೊರಟಿತು.

ಈ ಕಥೆಯಲ್ಲಿ ಒಂದು ಸೂತ್ರ ಕಾಣುತ್ತೆ. ಕಾನೂನು ಎಲ್ಲಿ ಹುದ್ದೆ ಬರೆದಿಟ್ಟಿತೋ ಅಲ್ಲಿ ನೌಕರಿ ನಿಂತಿತು. ಎಲ್ಲಿ ಬರೆಯಲಿಲ್ಲವೋ ಅಲ್ಲಿ ಕೆಲಸ ಪ್ರಾಜೆಕ್ಟ್ ಹಣದ ಮೇಲೆ ನಡೀತು, ಹಣ ನಿಂತರೆ ಅದೂ ನಿಂತಿತು. ಸಂಸ್ಥೆ ದೊಡ್ಡದಾದರೂ ಇದಕ್ಕೆ ಹೊರತಲ್ಲ. 2024ರ ಜೂನ್‌ನಲ್ಲಿ ಟ್ರಸ್ಟ್ ಅನುದಾನ ಬಾರದೆ ಟಿಸ್‌ನ 100ಕ್ಕೂ ಹೆಚ್ಚು ಸಿಬ್ಬಂದಿಗೆ ಕೆಲಸ ಮುಗೀತು ಅನ್ನೋ ಪತ್ರ ಹೋಯ್ತು. ಹಣದ ಭರವಸೆ ಸಿಕ್ಕ ಮೇಲೆ ಕೆಲವೇ ದಿನದಲ್ಲಿ ಅದನ್ನು ವಾಪಸ್ ತಗೊಂಡರು. ನಿಮ್ಮ ಭಾಷೆಯಲ್ಲಿ ಹೇಳೋದಾದರೆ, ಕ್ಲೈಂಟ್ ಬಿಟ್ಟರೆ ಬೆಂಚ್. ಆದರೆ ಇಲ್ಲಿ ಬೆಂಚ್ ಮೇಲೆ ಸಂಬಳ ಕೂಡ ಇಲ್ಲ.

ಹಾಗಂತ ಬಾಗಿಲು ಮುಚ್ಚಿಲ್ಲ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಇಡಬೇಕು ಅಂದಿತು. ಅದನ್ನು ಸರಿಯಾಗಿ ಖರ್ಚು ಮಾಡಿಸೋಕೆ, ಹಳ್ಳಿಗೆ ಹೋಗಿ ನೋಡಿ ಬರೋಕೆ ಜನ ಬೇಕಾಯ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ಹೆಸರಿಟ್ಟು ಗುರುತಿಸಿತು. ಅದಕ್ಕೆ ಎಂಎಸ್‌ಡಬ್ಲ್ಯೂ ಆದ ಮೇಲೆ ಎಂ.ಫಿಲ್ ಬೇಕು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆ ತರಬೇತಿಗೆ ಹೆಸರಾದ ಜಾಗ. ಮಕ್ಕಳ ರಕ್ಷಣಾ ಘಟಕಗಳ ಕೆಲಸವೂ ಇದೆ, ಆದರೆ ಬಹಳಷ್ಟು ಗುತ್ತಿಗೆ ಮೇಲೆ. ಓದೋಕೆ ಮುಂಬೈಗೇ ಬರಬೇಕು ಅಂತೇನಿಲ್ಲ, ಮಂಗಳೂರಿನ ರೋಶನಿ ನಿಲಯ 1960ರಿಂದ ಇದನ್ನು ಕಲಿಸ್ತಿದೆ.

ಆದ್ದರಿಂದ ಈ ಓದಿಗೆ ಹೊರಟವರಿಗೆ "ಸ್ಕೋಪ್ ಇದೆಯಾ?" ಅಂತ ಕೇಳಬೇಡಿ. ಮೂರು ಪ್ರಶ್ನೆ ಕೇಳಿ. ನೀನು ಹೋಗೋ ಹುದ್ದೆ ಯಾವ ಕಾನೂನಿನಲ್ಲಿ ಇದೆ? ಸಂಬಳ ಖಾಯಮ್ಮಾ, ಪ್ರಾಜೆಕ್ಟಾ? ಫೀಲ್ಡ್‌ವರ್ಕ್ ಎಲ್ಲಿ ಕೊಡ್ತಾರೆ, ಅಂದರೆ ಆಸ್ಪತ್ರೆಯಲ್ಲಾ, ಠಾಣೆಯಲ್ಲಾ, ಕಾರ್ಖಾನೆಯಲ್ಲಾ? ಈ ಮೂರಕ್ಕೆ ಉತ್ತರ ಇದ್ದರೆ ಓದಲಿ ಬಿಡಿ. ನಿಮ್ಮ ಕಂಪನಿಯಲ್ಲಿ ಕಿರುಕುಳದ ದೂರು ಕೇಳೋ ಸಮಿತಿ ಇದೆಯಲ್ಲ, ಅದರಲ್ಲಿ ಹೊರಗಿನವರೊಬ್ಬರು ಇರಲೇಬೇಕು ಅಂತ 2013ರ ಕಾನೂನು ಹೇಳುತ್ತೆ. ಆ ಕುರ್ಚಿಯಲ್ಲಿ ಹಲವು ಕಡೆ ಕೂತಿರೋದು ಇದೇ ಓದು ಓದಿದವರು. ನಮ್ಮಲ್ಲಿ ಯಾರಿಗೆ ಯಾವತ್ತು ಅವರು ಬೇಕಾಗ್ತಾರೋ ಹೇಳೋಕಾಗಲ್ಲ.

ಇವತ್ತಿಗೆ ಇಷ್ಟು. ಮುಂದಿನ ಮಾತಿನಲ್ಲಿ ಸಿಗೋಣ.