ಮಡಕೆಯ ಮಡ್ಡಿ ಮತ್ತು ಯೀಸ್ಟಿನ ಆಯ್ಕೆ

ಬಿಯರ್ ಮಾಡುವವನು ಯೀಸ್ಟನ್ನು ಆರಿಸುತ್ತಾನೆ, ಹೆಂಡ ಇಳಿಸುವವನು ಮರ ಕೊಟ್ಟದ್ದನ್ನು ತರುತ್ತಾನೆ ಎಂಬ ಎಣಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮೊದಲನೆಯದು ವಿಜ್ಞಾನ, ಎರಡನೆಯದು ಹಳ್ಳಿಯ ರೂಢಿ ಎಂಬ ತಾರತಮ್ಯ ಹುಟ್ಟಿದ್ದೂ ಇದರಿಂದಲೇ. ಕಾವೇರಿ, ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರ, ಮೂಗೂರು, ನಂಜನಗೂಡಿನ ಸೀಮೆಯ ಈಚಲ ಹೆಂಡವನ್ನು ಜರ್ಮನಿಯ ಕಪ್ಪು ಲಾಗರಿನ ಪಕ್ಕದಲ್ಲಿಟ್ಟು ನೋಡಿದರೆ ಈ ತಾರತಮ್ಯ ನಿಲ್ಲುವುದಿಲ್ಲ. ಎರಡೂ ಕಡೆ ಯೀಸ್ಟನ್ನು ಆರಿಸಿದ್ದು ಕಸುಬು. ಪ್ರಯೋಗಾಲಯ ಬಂದದ್ದು ಬಹಳ ತಡವಾಗಿ.

ಕಪ್ಪು ಲಾಗರ್ ಎಂದರೆ ಕಾವಿನಲ್ಲಿ ಕೆಂಪೇರಿಸಿದ ಬಾರ್ಲಿ ಮಾಲ್ಟಿನ ಗಾಢ ಬಿಯರ್. ಅದರ ಗಡುಸು ಬಗೆಯಲ್ಲಿ ಮದ್ಯಾಂಶ ಶೇ. 7ನ್ನು ದಾಟುತ್ತದೆ. ಇದಕ್ಕೆ ಬೇಕಾದ ಯೀಸ್ಟ್ ಸುಮಾರು 8ರಿಂದ 13 ಡಿಗ್ರಿ ಸೆಲ್ಸಿಯಸ್‌ನ ಚಳಿಯಲ್ಲೂ ಕೆಲಸ ಮಾಡಬೇಕು, ಏರುವ ಮದ್ಯವನ್ನು ತಾಳಬೇಕು, ಕೆಲಸ ಮುಗಿದ ಮೇಲೆ ತಳಕ್ಕೆ ಇಳಿಯಬೇಕು. ಜರ್ಮನಿಯ ಬವೇರಿಯದಲ್ಲಿ ಇದು ಸಿಕ್ಕಿದ್ದು ಹೇಗೆ? 1553ರಲ್ಲಿ ಅಲ್ಲಿನ ದೊರೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಸಬಾರದೆಂದು ಕಟ್ಟಪ್ಪಣೆ ಮಾಡಿದ. ಬೇಸಿಗೆಯ ಬಿಯರ್ ಕೆಡುತ್ತಿತ್ತು, ಕಾರಣ ಅಷ್ಟೇ. ಚಳಿಗಾಲದಲ್ಲಷ್ಟೇ ಕಾಯಿಸಿ, ನೆಲಮಾಳಿಗೆಯಲ್ಲಿಟ್ಟು, ತಳದ ಮಡ್ಡಿಯನ್ನೇ ಮುಂದಿನ ಪೀಪಾಯಿಗೆ ಹಾಕುತ್ತ ಬಂದಾಗ ಚಳಿಗೆ ಒಗ್ಗಿದ ಯೀಸ್ಟು ಉಳಿಯಿತು, ಉಳಿದವು ಸೋತವು. ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸನ್ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಅದರ ಒಂದೇ ತಳಿಯನ್ನು ಬೇರ್ಪಡಿಸಿದ್ದು 1883ರಲ್ಲಿ. ಅದು ಎರಡು ಜಾತಿಗಳ ಮಿಶ್ರತಳಿ ಎಂಬುದು ಖಚಿತವಾಗಿ, ಅವುಗಳಲ್ಲಿ ಚಳಿಗೆ ಒಗ್ಗಿದ ಜಾತಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಕಾಡಿನಲ್ಲಿ ಸಿಕ್ಕ ಸುದ್ದಿ ಹೊರಬಂದದ್ದು 2011ರಲ್ಲಿ.

ಈಗ ಈಚಲ ಮರದ ಬುಡಕ್ಕೆ ಬರೋಣ. ಸುಳಿಯ ಕೆಳಗೆ ಒಂದು ಮಗ್ಗುಲಿನ ಗರಿಗಳನ್ನು ಸವರಿ, ಮೆದುವಾದ ಕಾಂಡವನ್ನು ಕತ್ತಿಯಿಂದ ಕೆತ್ತಿ, ರಸ ಜಾರಲು ದಾರಿ ಮಾಡಿ, ಸಂಜೆ ಮಡಕೆ ಕಟ್ಟುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಇಳಿಸುತ್ತಾರೆ. ಕೆಲವು ದಿನ ಇಳಿಸಿ, ಮರಕ್ಕೆ ಬಿಡುವು ಕೊಡುತ್ತಾರೆ. ಒಂದು ವರ್ಷ ಈ ಮಗ್ಗುಲು, ಮರುವರ್ಷ ಆ ಮಗ್ಗುಲು ಕೆತ್ತುವುದರಿಂದ ಹಳೆಯ ಮರದ ಕಾಂಡ ಅಂಕುಡೊಂಕಾಗಿ ಏರಿರುತ್ತದೆ. ಅದು ಎಷ್ಟು ವರ್ಷ ಹೆಂಡ ಕೊಟ್ಟಿತೆಂಬುದನ್ನು ಆ ಗಾಯಗಳಿಂದಲೇ ಲೆಕ್ಕ ಹಾಕಬಹುದು. ಈಚಲ ರಸ ಬೇಕಾದಾಗ ತೊಳೆದು ಒಳಗೆ ಸುಣ್ಣ ಬಳಿದ ಮಡಕೆ, ಹೆಂಡ ಬೇಕಾದಾಗ ಹಿಂದಿನ ದಿನದ ಮಡ್ಡಿ ಮೆತ್ತಿಕೊಂಡ ಮಡಕೆ. ಈ ಎರಡು ಮಡಕೆಗಳ ನಡುವಿನ ತೀರ್ಮಾನವೇ ಯೀಸ್ಟಿನ ಆಯ್ಕೆ.

ಯೀಸ್ಟ್ ಎಂಬುದರ ಅರಿವೇ ಇಲ್ಲದವರು ಅದನ್ನು ಆರಿಸಿದರು ಎನ್ನುವುದು ಹೇಗೆ ಎಂಬ ಆಕ್ಷೇಪ ಬರುತ್ತದೆ. ಬವೇರಿಯದವರಿಗೂ ಆ ಅರಿವು ಇರಲಿಲ್ಲ. ಒಳ್ಳೆಯ ಫಲ ಕೊಟ್ಟ ಮಡ್ಡಿಯನ್ನು ಉಳಿಸಿಕೊಂಡು, ಕೆಟ್ಟದ್ದನ್ನು ಚೆಲ್ಲಿದರೆ ಸಾಕು, ತಳಿ ತಾನೇ ರೂಪುಗೊಳ್ಳುತ್ತದೆ. ಹೆಂಡದಲ್ಲಿ ಯೀಸ್ಟಿನ ಜೊತೆ ಬ್ಯಾಕ್ಟೀರಿಯಾಗಳೂ ಇರುತ್ತವಲ್ಲ ಎಂಬ ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹೌದು, ಇರುತ್ತವೆ, ಬಿಸಿಲೇರಿದಂತೆ ಹೆಂಡ ಹುಳಿಯಾಗುವುದು ಅವುಗಳಿಂದಲೇ, ಒಂದು ದಿನ ಕಳೆದರೆ ಅದು ವಿನಿಗರ್‌ನತ್ತ ವಾಲುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಮಾಗಬೇಕಾದ ಗಡುಸು ಪಾನೀಯ ಈ ಬಯಲಿನಲ್ಲಿ ಹುಟ್ಟಲಿಲ್ಲ. ಇದು ಹವೆಯ ಮಿತಿ. ಇದನ್ನು ಕಸುಬುದಾರನ ಅಜ್ಞಾನವೆಂದು ಬರೆಯುವುದು ಅನ್ಯಾಯ. ಬವೇರಿಯದವನಿಗೆ ಹಿಮವಿತ್ತು, ಇಲ್ಲಿಯವನು ಅದೇ ದಿನ ಕುಡಿದು ಮುಗಿಯುವ ಹದವನ್ನು ಸಾಧಿಸಿದ.

ರಾಗಿಯ ನಾಡಿನಲ್ಲಿ ಧಾನ್ಯದ ಬಿಯರ್ ಏಕೆ ಬೆಳೆಯಲಿಲ್ಲ ಎಂದೂ ಕೇಳಬಹುದು. ರಾಗಿಯನ್ನು ಮೊಳಕೆ ಕಟ್ಟುವುದು, ಅಂಬಲಿಯನ್ನು ಹುಳಿ ಬರಿಸುವುದು ಇಲ್ಲಿನ ಹೆಂಗಸರಿಗೆ ಗೊತ್ತಿದ್ದ ವಿದ್ಯೆಯೇ. ಆದರೆ ಧಾನ್ಯದ ಪಿಷ್ಟ ಮೊದಲು ಸಕ್ಕರೆಯಾಗಬೇಕು, ಅದಕ್ಕೆ ಕಾಳೂ ಸೌದೆಯೂ ಖರ್ಚು. ಈಚಲು ಸಕ್ಕರೆಯನ್ನು ಸಿದ್ಧಮಾಡಿಯೇ ಕೊಡುತ್ತಿತ್ತು. ಊಟದ ಕಾಳನ್ನು ಕುಡಿತಕ್ಕೆ ಸುರಿಯದೆ ಉಳಿಸಿದ ಈ ಲೆಕ್ಕಾಚಾರ ನನಗೆ ವಿವೇಕವಾಗಿಯೇ ಕಾಣುತ್ತದೆ.

ಈ ಕಸುಬಿಗೆ ಗೌರವದ ಚರಿತ್ರೆಯೂ ಇದೆ. 12ನೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಒಬ್ಬ. ಹೆಂಡ ಮಾರುವ ಕಾಯಕದವನು ವಚನಕಾರನಾಗಿ ಉಳಿದಿದ್ದಾನೆ. ಕಸುಬನ್ನು ಕುಗ್ಗಿಸಿದ್ದು ಅಬಕಾರಿಯ ಗುತ್ತಿಗೆ. ಮರ, ಮಡಕೆ, ಅಂಗಡಿ ಎಲ್ಲವೂ ತೆರಿಗೆಯ ಬಾಬ್ತುಗಳಾದಾಗ ರುಚಿಯ ತೀರ್ಮಾನ ಇಳಿಸುವವನ ಕೈಯಿಂದ ಗುತ್ತಿಗೆದಾರನ ಕೈಗೆ ಹೋಯಿತು. ಅತ್ತ ಬೆಂಗಳೂರು, ನೀಲಗಿರಿ ಕಡೆಯ ಸಣ್ಣ ಬ್ರೂವರಿಗಳನ್ನು 1915ರಲ್ಲಿ ಥಾಮಸ್ ಲೀಶ್ಮನ್ ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅದೇ ಕಂಪನಿಯ ಕಾರ್ಖಾನೆ ಇಂದು ನಂಜನಗೂಡಿನಲ್ಲಿ ಲಾಗರ್ ತಯಾರಿಸುತ್ತದೆ, ಬವೇರಿಯದ ಚಳಿಯನ್ನು ಯಂತ್ರದಿಂದ ತಂದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹೀಗಾಗಿ ಯಾವ ಯೀಸ್ಟ್ ಉಳಿಯಬೇಕೆಂಬ ತೀರ್ಮಾನ ಈ ಸೀಮೆಯಲ್ಲಿ ಈಗ ಬಹುತೇಕ ಕಾರ್ಖಾನೆಯ ಉಕ್ಕಿನ ತೊಟ್ಟಿಗಳ ಬಳಿಯೇ ನಡೆಯುತ್ತದೆ. ಮಡಕೆಯಿಂದ ಮಡಕೆಗೆ ಸಾಗಿಬಂದ ತಳಿಗಳನ್ನು ಯಾರೂ ಕಾಪಿಡದಿದ್ದರೆ ಅವು ಮಡಕೆಗಳೊಂದಿಗೇ ಒಣಗಿಹೋಗುತ್ತವೆ.